ವರ್ಗಣಿಗೆ ನಮ್ಮವರು, ಬೋರ್ಡಿಗೆ ಹೊರಗಿನವರು

"ಅಣ್ಣಾ, ತುಮ್ಹೀ ತರ್ ಆಪಲೇಚ್!" ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದ ಮುಂದೆ ಈ ವಾರ ಗಣೇಶೋತ್ಸವದ ವರ್ಗಣಿ (ಚಂದಾ) ಪುಸ್ತಕ ಹಿಡಿದು ನಿಂತ ಹುಡುಗರ ಮಾತು. ನೀವಂತೂ ನಮ್ಮವರೇ! ಕುಂದಾಪುರದ ಅಣ್ಣ ನಕ್ಕು ದುಡ್ಡು ಕೊಟ್ಟರು. ಹುಡುಗರು ಅತ್ತ ಹೋದದ್ದೇ ಸಪ್ಲಾಯರ್ ಕೇಳಿದ: "ಬೋರ್ಡಿನ್ ಗಲಾಟಿಗ್ ಬಂದರೂ ಇವರೇ ಅಲ್ದಾ?"

"ಅದ್ ಬೇರೆ ಪಾರ್ಟಿ ಮಾರಾಯಾ. ಮುಖ ಮಾತ್ರ ಇದೇ."

ಮಹಾರಾಷ್ಟ್ರದಲ್ಲಿ ಅಂಗಡಿ-ಹೋಟೆಲುಗಳ ಹೆಸರಿನ ಬೋರ್ಡಿನ ನಿಯಮ ಕಷ್ಟದ್ದಲ್ಲ. ದೇವನಾಗರಿಯಲ್ಲಿ ಮರಾಠಿ ಮೊದಲು ಬರಬೇಕು, ಬೇರೆ ಲಿಪಿ ಅದಕ್ಕಿಂತ ದೊಡ್ಡದಿರಬಾರದು. 2022ರ ತಿದ್ದುಪಡಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳನ್ನೂ ಒಳಗೆ ತಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪಾಲಿಸಲು ಎರಡು ತಿಂಗಳ ಗಡುವು ಕೊಟ್ಟಿತು. ಹಳೆಯ ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಬಿಟ್ಟು ಕೆಳಗೆ ಸಣ್ಣದಾಗಿ ಮರಾಠಿ ಅಂಟಿಸಿದವರು ಸಿಕ್ಕಿಬೀಳುತ್ತಾರೆ. ಕನ್ನಡದ ಸಾಲು ಬೇಡವೆಂದು ಕಾನೂನು ಹೇಳುವುದಿಲ್ಲ, ಆದರೆ ಜಾಗ ಸಾಲದಾದಾಗ ಮೊದಲು ಉದುರುವುದು ಅದೇ.

"ಮುಖ ಮಾತ್ರ ಇದೇ" ಅನ್ನುವುದರಲ್ಲಿ ಅರವತ್ತು ವರ್ಷದ ಮುಂಬಯಿ ಇದೆ. 1966ರಲ್ಲಿ ಹುಟ್ಟಿದ ಶಿವಸೇನೆಯ ಕಣ್ಣು ಮೊದಲು ಬಿದ್ದದ್ದು ದಕ್ಷಿಣದ ಗುಮಾಸ್ತರು, ಟೈಪಿಸ್ಟರು, ಉಡುಪಿ ಹೋಟೆಲುಗಳ ಮೇಲೆ. ಲುಂಗಿ ಹಟಾವೋ ಕೂಗು, 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಗಲಭೆ. ಆಗ ಅಣ್ಣಂದಿರ ಹಣೆಯ ಗಂಧ ಯಾರಿಗೂ ಕಾಣಲಿಲ್ಲ. 1987ರ ವಿಲೇಪಾರ್ಲೆ ಉಪಚುನಾವಣೆಯಲ್ಲಿ ಸೇನೆ ಹಿಂದುತ್ವದ ಹೆಸರಲ್ಲೇ ಮತ ಕೇಳಿತು, 1989ರಲ್ಲಿ ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡಿತು. ವೈರಿ ಬದಲಾದ, ಗಂಧ ಕಾಣತೊಡಗಿತು. ಹಾಗೆಂದು ಭಾಷೆಯ ಅಸ್ತ್ರವನ್ನು ಯಾರೂ ಕೆಳಗಿಟ್ಟಿಲ್ಲ. ಮರಾಠಿ ಯಾಕೆ ಬೇಕು ಅಂದಿದ್ದಕ್ಕೆ 2025ರಲ್ಲಿ ಮೀರಾ ರೋಡಿನಲ್ಲಿ ಏಟು ತಿಂದ ಸಿಹಿತಿಂಡಿ ಅಂಗಡಿಯವನೂ ಹಿಂದೂವೇ. (ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರ ಹೆಸರಿನ ಅಭಂಗವೊಂದು ಕರ್ನಾಟಕದವನೆಂದೇ ಕರೆಯುತ್ತದೆ. ಅಲ್ಲಿಗೆ ಯಾತ್ರೆ ಹೋಗುವ ವಾರಕರಿ ಭಕ್ತರಿಗೆ ಅದರಿಂದ ಯಾವ ತೊಂದರೆಯೂ ಆಗಿಲ್ಲ.)

ಆ ಹುಡುಗರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಕಳಿಸಿದಲ್ಲಿಗೆ ಹೋಗುವವರು. ಸಿಟ್ಟು ನಮ್ಮ ಕನ್ನಡ ಸಂಘಗಳ ದೊಡ್ಡವರ ಮೇಲೆ. ಕನ್ನಡಿಗರಾಗಿ ಹಕ್ಕು ಕೇಳುವುದಕ್ಕಿಂತ ಹಿಂದೂಗಳಾಗಿ ವರ್ಗಣಿ ಕೊಡುವುದು ಅಗ್ಗವೆಂದು ಇವರು ಯಾವಾಗಲೋ ಲೆಕ್ಕ ಹಾಕಿಬಿಟ್ಟಿದ್ದಾರೆ. ಮಂಡಪದ ಬ್ಯಾನರಿನಲ್ಲಿ ನಾಯಕರ ಪಕ್ಕ ಫೋಟೋ ಬಂದರೆ ಸಾಕು. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದಾಗ ಇವರಲ್ಲಿ ಎಷ್ಟು ಮಂದಿ ಅದೇ ನಾಯಕರ ಬಾಗಿಲಿಗೆ ಹೋಗಿದ್ದರು?