ಶುಗರ್ ಬಂತಾ ಅಂತ ಕೇಳಿದರು

17 ನವೆಂಬರ್ 2024, ಭಾನುವಾರ
ದಾವಣಗೆರೆ

ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ಹಳೇ ಮನೆ ಪಕ್ಕದ ಆಂಟಿ ಸಿಕ್ಕಿದ್ದರು. ವರ್ಷದ ಮೇಲೆ ನೋಡಿದ್ದು. ಮೇಲಿಂದ ಕೆಳಗಿನ ತನಕ ಕಣ್ಣಾಡಿಸಿ, "ಯಾಕವ್ವಾ ಹಿಂಗೆ ಸೊರಗಿದೀಯ? ಶುಗರ್ ಬಂತಾ?" ಅಂದರು. ಅದು ಬರಬಾರದು ಅಂತಲೇ ಏಳು ತಿಂಗಳಿಂದ ಒದ್ದಾಡುತ್ತಿದ್ದೇನೆ! ನಮ್ಮ ಕಡೆ ದಪ್ಪ ಆದರೆ ಮೈ ತುಂಬಿಕೊಂಡಿದ್ದಾಳೆ ಅಂತಾರೆ, ಇಳಿದರೆ ಕಾಯಿಲೆ.

ನಿನ್ನೆ ರಿಪೋರ್ಟ್ ಬಂದಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಏಪ್ರಿಲ್‌ನಲ್ಲಿ ತೂಕ 74 ಕೆಜಿ ಇತ್ತು. ಖಾಲಿ ಹೊಟ್ಟೆ ಶುಗರ್ 112, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1. ಅಂದರೆ ಇನ್ನೂ ಶುಗರ್ ಅಲ್ಲ, ಹೊಸ್ತಿಲ ಮೇಲೆ. ಸ್ವಲ್ಪ ತಾನೇ ಅಂದುಕೊಂಡಿದ್ದೆ. ರಕ್ತದಲ್ಲಿರುವ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಿ ಅಂತ ಮೈಗೆ ಹೇಳುವ ಹಾರ್ಮೋನ್ ಇನ್ಸುಲಿನ್. ಡಾಕ್ಟರ್ ಅದನ್ನೂ ಅಳೆಸಿದರು, ಅದು 19. ಮೈ ಇನ್ಸುಲಿನ್ ಮಾತು ಎಷ್ಟು ಕೇಳುತ್ತಿಲ್ಲ ಅಂತ ನೋಡೋಕೆ ಒಂದು ಲೆಕ್ಕ ಇದೆ: ಖಾಲಿ ಹೊಟ್ಟೆ ಶುಗರ್, ಇನ್ಸುಲಿನ್ ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ 5.3 ಬಂತು. "ಶುಗರನ್ನು ಇಷ್ಟರಲ್ಲಿ ಹಿಡಿದಿಡೋಕೆ ನಿಮ್ಮ ಮೈ ಎಷ್ಟು ಇನ್ಸುಲಿನ್ ಸುರೀತಿದೆ ನೋಡಿ" ಅಂದರು. ನನಗೆ ನನ್ನ ಮಗನೇ ಕಣ್ಮುಂದೆ ಬಂದ. ಮೊದಲು ಒಂದು ಸಲ ಕರೆದರೆ ಊಟಕ್ಕೆ ಬರುತ್ತಿದ್ದ, ಈಗ ನಾಲ್ಕು ಸಲ ಕೂಗಬೇಕು. ಬರುವುದೇನೋ ಬರುತ್ತಾನೆ. ಗಂಟಲು ಹೋಗೋದು ನನ್ನದು. ಇನ್ಸುಲಿನ್ ರೆಸಿಸ್ಟೆನ್ಸ್ ಅಂದರೆ ಅಷ್ಟೇ.

ಕುತ್ತಿಗೆ ಹಿಂದಿನ ಕಪ್ಪಿನ ಗುಟ್ಟೂ ಅವತ್ತೇ ತಿಳಿಯಿತು. ಸರದ್ದು ಕರೆ ಅಂತ ಎರಡು ವರ್ಷ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕಿದ್ದೆ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಅಲ್ಲಿ ಚರ್ಮ ಹಾಗೆ ದಪ್ಪಗಾಗಿ ಕಪ್ಪಾಗುತ್ತದಂತೆ. ತಿಕ್ಕಿದರೆ ಎಲ್ಲಿಂದ ಹೋಗಬೇಕು?

ಮೊದಲ ತಿಂಗಳು ಅಕ್ಕಿ ಬಿಟ್ಟು ಜೋಳ ಹಿಡಿದೆ. ಅತ್ತೆ ತಟ್ಟುವ ರೊಟ್ಟಿ ತಟ್ಟೆಯಗಲ. ಅಂಥವು ಮೂರು, ಮೇಲೆ ಮಕ್ಕಳು ಬಿಟ್ಟ ಅನ್ನ ಸಾರು. ಚೆಲ್ಲೋಕೆ ಮನಸ್ಸು ಬರಲ್ಲ, ಅಲ್ವಾ? ತಿಂಗಳ ಕೊನೆಗೆ ಅರ್ಧ ಕೆಜಿ ಏರಿತ್ತು. ಜೋಳದಲ್ಲೂ ಪಿಷ್ಟವೇ ಇರುವುದು, ಮೂರು ತಿಂದರೆ ಮೂರರಷ್ಟು.

ಆಮೇಲೆ ಗ್ಲುಕೋಮೀಟರ್ ತಂದು ನನ್ನದೇ ಸಂಶೋಧನೆ ಶುರು ಮಾಡಿದೆ. ಸಂಜೆ ಒಗ್ಗರಣೆ ಮಂಡಕ್ಕಿ ತಿಂದೆ. ಊದಿದರೆ ಹಾರುವಂಥದ್ದು, ಇದರಲ್ಲೇನಿದೆ ಅಂತ. ಒಂದೂವರೆ ಗಂಟೆಗೆ 194! ಮುಂದಿನ ಭಾನುವಾರ ಬೆಣ್ಣೆ ದೋಸೆ ತಿಂದು ಚುಚ್ಚಿಕೊಂಡೆ, 161. ದೋಸೆಯೇ ಗೆದ್ದಿತು ಅಂತ ಮೂರು ವಾರ ಬಿಡದೆ ತಿಂದೆ. ಡಾಕ್ಟರ್ ನಕ್ಕುಬಿಟ್ಟರು. ಜಿಡ್ಡಿದ್ದರೆ ಊಟ ಹೊಟ್ಟೆಯಿಂದ ಮುಂದೆ ಹೋಗೋದು ನಿಧಾನ, ಅದಕ್ಕೇ ಅಂಕಿ ಕಮ್ಮಿ. ಆ ಬೆಣ್ಣೆ ಎಲ್ಲಿ ಕೂರುತ್ತದೆ ಅಂತ ಮಿಷನ್ ಹೇಳಲ್ಲ.

ಅದು ಕೂರುವ ಒಂದು ಜಾಗ ಲಿವರ್. ಅಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಸಾಕು ಅಂದರೂ ಲಿವರ್ ರಾತ್ರಿಯಿಡೀ ಸಕ್ಕರೆ ಬಿಡುತ್ತಲೇ ಇರುತ್ತದೆ. ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರೂ ಬೆಳಗ್ಗೆ 110 ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಇದು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 11 ಜನ ಶುಗರ್ ಇರುವವರಿಗೆ ಎಂಟು ವಾರ ದಿನಕ್ಕೆ 600 ಕ್ಯಾಲೊರಿ ಮಾತ್ರ ಕೊಟ್ಟು ನೋಡಿದ್ದರು, 2011ರಲ್ಲಿ ಪ್ರಕಟವಾಯಿತು. ಒಂದೇ ವಾರಕ್ಕೆ ಲಿವರ್ ಕೊಬ್ಬು ಶೇ. 30 ಇಳಿದು, ಬೆಳಗಿನ ಶುಗರ್ ಸರಿಹೋಗಿತ್ತು. ಡಾಕ್ಟರುಗಳ ಕಣ್ಗಾವಲಲ್ಲಿ ಮಾಡಿದ್ದು ಅದು, ಮನೆಯಲ್ಲಿ ಮಾಡುವಂಥದ್ದಲ್ಲ. ನಾನು ಮಾಡಿದ್ದು ಇಷ್ಟೇ: ಎರಡು ರೊಟ್ಟಿ, ಅರ್ಧ ತಟ್ಟೆ ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮಕ್ಕಳ ತಟ್ಟೆಗೆ ಕೈ ಹಾಕದಿರುವುದು. ಹತ್ತು ದಿನಕ್ಕೆ ಬೆಳಗಿನ ಅಂಕಿ 103. ತೂಕ ಇಳಿದಿದ್ದು ಒಂದೇ ಕೆಜಿ! ಬ್ಲೌಸಿಗೆ ಗೊತ್ತಾಗುವ ಮೊದಲೇ ಲಿವರ್‌ಗೆ ಗೊತ್ತಾಗಿತ್ತು.

ಹಾಗಂತ ತೂಕಕ್ಕೆ ಬೆಲೆ ಇಲ್ಲ ಅಂತಲ್ಲ. 2002ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ನನ್ನಂಥ ಹೊಸ್ತಿಲಿನವರಿಗೆ ಕೊಟ್ಟ ಗುರಿ ಶೇ. 7ರಷ್ಟು ತೂಕ ಇಳಿಸೋದು, ವಾರಕ್ಕೆ 150 ನಿಮಿಷ ನಡೆಯೋದು. ಆ ಗುಂಪಿನಲ್ಲಿ ಶುಗರ್ ಬರುವುದು ಶೇ. 58ರಷ್ಟು ಕಮ್ಮಿಯಾಯಿತು. ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು ಚೆನ್ನೈನವರು 2006ರಲ್ಲಿ ಪ್ರಕಟಿಸಿದ್ದು. ಅಲ್ಲಿ ಊಟ, ನಡಿಗೆ ಬದಲಿಸಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ, ಆದರೂ ಅವರಲ್ಲಿ ಶುಗರ್ ಬಂದವರು ಕಮ್ಮಿ. ತಕ್ಕಡಿ ಅಲುಗದ ವಾರಗಳಲ್ಲಿ ಅದನ್ನೇ ನೆನೆಸಿಕೊಂಡು ಕೆರೆ ಸುತ್ತಿದ್ದೇನೆ. ನಡೆಯುವಾಗ ಮಾಂಸಖಂಡ ಇನ್ಸುಲಿನ್ ಕರೆಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ.

ದೀಪಾವಳಿಗೆ ಮೊದಲು 68.6ಕ್ಕೆ ಬಂದಿದ್ದೆ. ಹೋಳಿಗೆ, ಕರ್ಜಿಕಾಯಿ, ತವರಿಗೆ ಹೋಗಿ ಬಂದಿದ್ದು, ಈಗ 69.8. ನಿನ್ನೆಯ ರಿಪೋರ್ಟಿನಲ್ಲಿ ಶುಗರ್ 99, ಇನ್ಸುಲಿನ್ 11, ಆ ಗುಣಾಕಾರದ ಲೆಕ್ಕ 2.7. ಎಚ್‌ಬಿಎ1ಸಿ 5.7, ಹೊಸ್ತಿಲಿಂದ ಒಂದು ಕಾಲು ಇನ್ನೂ ತೆಗೆದಿಲ್ಲ.

ಸಂಜೆ ಟೈಲರ್ ಅಕ್ಕನ ಹತ್ತಿರ ಹೋಗಿದ್ದೆ. ಸೊಂಟಕ್ಕೆ ಟೇಪು ಹಾಕಿಸಿದೆ: 38 ಇಂಚು ಇದ್ದದ್ದು 35. ನಮ್ಮ ಹೆಂಗಸರಿಗೆ ಹೇಳುವ ಮಿತಿ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ. ದೂರ ಇದೆ. ಹಳೇ ಬ್ಲೌಸ್ ತಿರುವಿ ತೋರಿಸಿದರು. ಒಳಗೆ ನಾಲ್ಕು ಸಾಲು ಹೊಲಿಗೆ ಹಾಕಿದ್ದರಲ್ಲಿ, ವರ್ಷಕ್ಕೊಂದು ಅಂತ ಮೂರು ಬಿಚ್ಚಿಸಿದ್ದೆ. ಬಿಚ್ಚಿದ ಕಡೆ ಸೂಜಿ ತೂತಿನ ಗೆರೆ ಹಾಗೇ ಇತ್ತು. ಎರಡು ಸಾಲು ವಾಪಸ್ ಹೊಲಿಯಬೇಕು ಅಂದರು.

"ಒಳಗಿನ ಬಟ್ಟೆ ಕತ್ತರಿಸಿ ಬಿಡ್ಲಾ ಅಕ್ಕಾ? ಚುಚ್ಚುತ್ತೆ."

ಯೋಚನೆ ಮಾಡಿ, ಸದ್ಯಕ್ಕೆ ಇರಲಿ ಬಿಡಿ ಅಂದೆ. ಗುರುವಾರ ಕೊಡ್ತಾರಂತೆ.