ಯಾವ ಲೆಕ್ಕದಲ್ಲಿ?

ಉಪನ್ಯಾಸ ಮುಗಿದು ನಾಲ್ಕು ದಿನ ಆಯ್ತು. ಆ ಎರಡು ಪದ ಇನ್ನೂ ತಲೆಯಿಂದ ಇಳಿದಿಲ್ಲ.

ಮೇಡಂ ಮಾತು ಮುಗಿಸಿ ನೀರು ಕುಡಿಯುತ್ತಿದ್ದರು. ಮೂರನೇ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. "ಅದೆಲ್ಲ ಸರಿ ಮೇಡಂ. ರಾಜ್ಯಶಾಸ್ತ್ರದ ಪ್ರೊಫೆಸರ್ ನೀವು. ಈ ಸಲ ಚುನಾವಣೆಯಲ್ಲಿ ಯಾರು ಗೆಲ್ತಾರೆ, ಅಷ್ಟು ಹೇಳಿಬಿಡಿ."

ಮೇಡಂ ಲೋಟ ಕೆಳಗಿಟ್ಟು ಕೇಳಿದರು, "ಯಾವ ಲೆಕ್ಕದಲ್ಲಿ?"

ಎಲ್ಲರೂ ನಕ್ಕರು. ಜಾಣತನದಿಂದ ಜಾರಿಕೊಂಡರು ಅಂತ ನಾನೂ ನಕ್ಕೆ. ನಾನು ನಗಬಾರದಿತ್ತು. ಅವರನ್ನು ಸಭೆಗೆ ಪರಿಚಯ ಮಾಡಿಸಿದ್ದೇ ನಾನು. ಅವರ ಓದು, ಸಂಶೋಧನೆ, ಪಾಠ ಮಾಡುವ ವಿಷಯ ಎಲ್ಲ ಇದ್ದ ಹಾಳೆ ನನ್ನ ಕೈಯಲ್ಲೇ ಇತ್ತು. ಗಣಿತದಲ್ಲಿ ಪದವಿ, ರಾಜ್ಯಶಾಸ್ತ್ರದಲ್ಲಿ ಎಂ.ಎ., ಆಮೇಲೆ ಪಿಎಚ್.ಡಿ. ಆಸಕ್ತಿ: ಚುನಾವಣಾ ಪದ್ಧತಿಗಳು, ಮತ ಎಣಿಕೆಯ ವಿಧಾನಗಳು. ಸಾಮಾನಿನ ಚೀಟಿ ಓದಿದ ಹಾಗೆ ಓದಿ ಕೂತಿದ್ದೆ. ಪಿಎಚ್.ಡಿ. ವಿಷಯದ ಸಾಲು ಉದ್ದ ಇತ್ತು ಅಂತ ಅದನ್ನು ಹಾರಿಸಿಯೂ ಬಿಟ್ಟಿದ್ದೆ. (ಸಂಘಟಕರು ಸ್ವಾಗತಕ್ಕೆ ಅಂತ ಮೈಕ್ ಹಿಡಿದವರು ಇಪ್ಪತ್ತು ನಿಮಿಷ ಬಿಡಲಿಲ್ಲ. ಉಳಿದ ಹೊತ್ತಿನಲ್ಲಿ ನಾನಾದರೂ ಏನು ಮಾಡಲಿ?)

ನಗು ನಿಂತ ಮೇಲೆ ಮೇಡಂ ಬೋರ್ಡಿನ ಹತ್ತಿರ ಹೋದರು. 21 ಗೆಳೆಯರು ಪ್ರವಾಸ ಹೊರಟಿದ್ದಾರೆ ಅಂದ್ಕೊಳ್ಳಿ ಅಂದರು. ಬೆಟ್ಟ, ಕಾಡು, ಕಡಲು, ಮೂರರಲ್ಲಿ ಒಂದು ಆರಿಸಬೇಕು. 9 ಜನರಿಗೆ ಮೊದಲು ಬೆಟ್ಟ, ಆಮೇಲೆ ಕಾಡು, ಕೊನೆಗೆ ಕಡಲು. 7 ಜನರಿಗೆ ಕಡಲು, ಕಾಡು, ಬೆಟ್ಟ. 5 ಜನರಿಗೆ ಕಾಡು, ಕಡಲು, ಬೆಟ್ಟ.

ಕೈ ಎತ್ತಿಸಿದರೆ ಬೆಟ್ಟಕ್ಕೆ 9. ಬೆಟ್ಟ ಗೆದ್ದಿತು. ಎಲ್ಲಕ್ಕಿಂತ ಕಡಿಮೆ ಮತ ಬಿದ್ದ ಕಾಡನ್ನು ಕೈಬಿಟ್ಟು ಇನ್ನೊಂದು ಸುತ್ತು ನಡೆಸಿದರೆ ಆ 5 ಜನ ಕಡಲಿನ ಕಡೆ ಬರುತ್ತಾರೆ. ಕಡಲಿಗೆ 12, ಬೆಟ್ಟಕ್ಕೆ ಅದೇ 9. ಇನ್ನು ಮೊದಲ ಆಯ್ಕೆಗೆ 2 ಅಂಕ, ಎರಡನೆಯದಕ್ಕೆ 1 ಕೊಟ್ಟು ಕೂಡಿಸಿ ಅಂದರು. ನಾನು ಪರಿಚಯದ ಹಾಳೆಯ ಹಿಂದೆಯೇ ಕೂಡಿಸಿದೆ. ಕಾಡಿಗೆ 26, ಕಡಲಿಗೆ 19, ಬೆಟ್ಟಕ್ಕೆ 18. ಮೊದಲ ಲೆಕ್ಕದಲ್ಲಿ ಗೆದ್ದದ್ದು ಇಲ್ಲಿ ಕೊನೆಗೆ ಬಿತ್ತು. ಯಾರೂ ಮನಸ್ಸು ಬದಲಿಸಿಲ್ಲ, ಯಾರೂ ಮೋಸ ಮಾಡಿಲ್ಲ.

ಯಾವ ಲೆಕ್ಕದಲ್ಲಿ? ಅವರು ಜಾರಿಕೊಂಡಿರಲಿಲ್ಲ. ಪ್ರಶ್ನೆಯೇ ಅರ್ಧ ಇತ್ತು, ಅದನ್ನು ಪೂರ್ತಿ ಮಾಡಿದ್ದರು ಅಷ್ಟೇ.

ಹೀಗೆ ಅಂಕ ಕೊಡುವ ಲೆಕ್ಕಕ್ಕೆ ಹದಿನೆಂಟನೇ ಶತಮಾನದ ಫ್ರಾನ್ಸಿನ ಬೋರ್ಡಾ ಹೆಸರಿದೆಯಂತೆ. ಆತ ಗಣಿತಜ್ಞ, ನೌಕಾಪಡೆಯಲ್ಲೂ ಇದ್ದವನು. ಅದೇ ಕಾಲದ, ಅದೇ ಫ್ರಾನ್ಸಿನ ಚಿಂತಕ ಕಾಂಡೋರ್ಸೆ 1785ರಲ್ಲಿ ಇನ್ನೂ ದೊಡ್ಡ ತಲೆನೋವು ತಂದಿಟ್ಟ. ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡಿದರೂ ಒಬ್ಬ ಎರಡನೆಯವನನ್ನು, ಎರಡನೆಯವನು ಮೂರನೆಯವನನ್ನು, ಮೂರನೆಯವನು ತಿರುಗಿ ಮೊದಲನೆಯವನನ್ನು ಸೋಲಿಸುವುದು ಸಾಧ್ಯ. 1951ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಬಂದು, ಮೂರೋ ಜಾಸ್ತಿಯೋ ಆಯ್ಕೆಗಳಿದ್ದಾಗ ನಾವು ನ್ಯಾಯ ಅಂದುಕೊಳ್ಳುವ ಕೆಲವು ಸಣ್ಣ ಷರತ್ತುಗಳನ್ನೆಲ್ಲ ಒಟ್ಟಿಗೆ ಪಾಲಿಸಿ ಜನರ ಇಷ್ಟಗಳನ್ನು ಒಂದೇ ಸಾಲಿಗೆ ಜೋಡಿಸುವ ವಿಧಾನವೇ ಇಲ್ಲ ಅಂತ ತೋರಿಸಿಬಿಟ್ಟ. ಮೂರನೇ ಸಾಲಿನ ಹಿರಿಯರು ಇಷ್ಟು ಹೊತ್ತಿಗೆ ಫೋನ್ ನೋಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದು ಹೆಸರು, ಅದು ಸಿಗಲಿಲ್ಲ. ಕೆಟ್ಟವರೇನಲ್ಲ. ಸಭೆಗೆ ಪಂಚಾಂಗ ಕೇಳಲು ಬಂದಿದ್ದರು, ಅಷ್ಟೆ.

ಆಮೇಲೆ ಮೆಟ್ಟಿಲು ಇಳಿಯುವಾಗ ಕೇಳಿದೆ, "ಗಣಿತ ಬಿಟ್ಟು ಇಲ್ಲಿಗೆ ಯಾಕೆ ಬಂದ್ರಿ ಮೇಡಂ?"

"ಬಿಟ್ಟೆ ಅಂತ ಯಾರು ಹೇಳಿದ್ರು?" ಅಂದರು. ಕಾಲೇಜಿನಲ್ಲಿ ತರಗತಿಗೆ ಪ್ರತಿನಿಧಿ ಆರಿಸುವಾಗ ನಾಲ್ಕು ಜನ ನಿಂತಿದ್ದರಂತೆ. ಮುಕ್ಕಾಲು ತರಗತಿಗೆ ಬೇಡವಾಗಿದ್ದ ಹುಡುಗನೇ ಗೆದ್ದ. "ಮೂರು ಸಲ ಎಣಿಸಿದೆ. ಎಣಿಕೆ ಸರಿ ಇತ್ತು. ಅದೇ ನನಗೆ ನಿದ್ದೆ ಕೆಡಿಸಿದ್ದು."

ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಕತೆ ಹೇಳಿದ್ದೂ ಅಲ್ಲೇ. ಅವರದ್ದು ಇದರ ತಿರುಗುಮುರುಗು. ಓದಿದ ಗಣಿತ ಸಾಲದು ಅಂತ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಸೀಟು ಸಿಗಲಿಲ್ಲ. ರಾಜ್ಯಶಾಸ್ತ್ರಕ್ಕೆ ಬಂದು, ಕ್ಯಾಲಿಫೋರ್ನಿಯಾದಲ್ಲಿ ಅಂತರ್ಜಲವನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿ 1965ರಲ್ಲಿ ಪದವಿ ಪಡೆದರು. 2009ರಲ್ಲಿ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರಕ್ಕೆ! ಪರಿಚಯದ ಹಾಳೆಯಲ್ಲಿ ಇಂಥದ್ದೆಲ್ಲ ಎರಡೇ ಸಾಲು ಆಗಿಬಿಡುತ್ತದೆ. ನನ್ನಂಥವರು ಅದರಲ್ಲೂ ಒಂದು ಸಾಲು ಹಾರಿಸುತ್ತೇವೆ.

ನಿಜ ಹೇಳಬೇಕೆಂದರೆ, ಈ ನಾಲ್ಕು ದಿನ ಯೋಚಿಸಿದ್ದು ಚುನಾವಣೆಯನ್ನೇ ಅಲ್ಲ. "ಎಲ್ಲರೂ ಒಪ್ಪಿದ್ದಾರೆ" ಅಂತ ಮನೆಯಲ್ಲಿ, ಕೆಲಸದಲ್ಲಿ ಎಷ್ಟು ಸಲ ಕೇಳಿದ್ದೇನೆ, ಎಷ್ಟು ಸಲ ನಾನೇ ಹೇಳಿದ್ದೇನೆ. ಹೇಳುವವರೇ ಎಣಿಸಿರುತ್ತಾರೆ. ಪ್ರಶ್ನೆ ಕೇಳುವ ರೀತಿಯನ್ನೂ ಅವರೇ ಆರಿಸಿರುತ್ತಾರೆ. ತಂಗಿ ಯಾವ ಕೋರ್ಸ್ ಓದಬೇಕು ಅಂತ ಮನೆಮಂದಿಯೆಲ್ಲ ಕೂತು ತೀರ್ಮಾನಿಸಿದ ದಿನ ನೆನಪಾಯಿತು. ಅವಳದ್ದೂ ಒಂದೇ ಮತ, ನನ್ನದೂ ಒಂದು. ಓದಬೇಕಾದವಳು ಅವಳು. ಆವತ್ತು ಅದು ತುಂಬ ನ್ಯಾಯವಾಗಿ ಕಂಡಿತ್ತು ನನಗೆ.

ಮೊದಲ ವರ್ಷದ ಮಕ್ಕಳಿಗೆ ಮೇಡಂ ಈಗಲೂ ತಾವೇ ಪಾಠ ಮಾಡುತ್ತಾರೆ. ಮೊದಲ ದಿನವೇ ಕಿರುಪರೀಕ್ಷೆ ಯಾವ ವಾರ ಇಡೋಣ ಅಂತ ಮತ ಹಾಕಿಸಿ, ಮೂರು ಥರ ಎಣಿಸಿ ಬೋರ್ಡಿನ ಮೇಲೆ ಬರೆಯುತ್ತಾರಂತೆ. ಜಗಳ ಶುರುವಾಗುತ್ತದೆ. ಯಾವುದು ಸರಿ ಅಂತ ಇವರು ಬಾಯಿ ಬಿಡುವುದಿಲ್ಲ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಯಾವ ಲೆಕ್ಕ ಬೇಕು ಅಂತ ಅದಕ್ಕೂ ಒಂದು ಮತ ಹಾಕಿಬಿಡೋಣ ಮೇಡಂ" ಅಂದಳಂತೆ.

"ಮತ್ತೆ ನೀವೇನಂದ್ರಿ?" ಅಂದೆ.

ಮೇಡಂ ನಕ್ಕರು. "ನನ್ನ ಪಿಎಚ್.ಡಿ.ಯ ಕೊನೇ ಅಧ್ಯಾಯ ಅದೇ. ನೀವು ಓದದೇ ಬಿಟ್ಟಿರಲ್ಲ, ಆ ಸಾಲು."