ಕಂಟ್ರೋಲ್-ಎಫ್9 ಕೊನೆಗೂ ದಾರಿಗೆ ಬಂತು

ಮೂರು ರಾತ್ರಿ ಜಗ್ಗಾಡಿದ ಮೇಲೆ ಇಂದು ಕಂಟ್ರೋಲ್-ಎಫ್9 ಒತ್ತಿದಾಗ ಡಾಸ್ ಕಾಲದ ಬರಹ ತಂತ್ರಾಂಶ ವರ್ಡ್‌ಪರ್ಫೆಕ್ಟ್ 5.1ರ ಮರ್ಜ್ ಮೆನು ತೆರೆದುಕೊಂಡಿತು. ಹಳೆಯ ಡಾಸ್ ತಂತ್ರಾಂಶಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್‌ನಲ್ಲಿ ಇದನ್ನು ಓಡಿಸುವವರಿಗೆ ಈ ಸಂತೋಷ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.

ಯಾವ ಕೀಲಿಗೆ ಯಾವ ಕೆಲಸವೆಂದು ವರ್ಡ್‌ಪರ್ಫೆಕ್ಟ್‌ಗೆ ಹೇಳುವ ಲೇಔಟ್ ಕಟ್ಟುವ ಕೆಲಸ ಸಲೀಸಾಗಿ ಮುಗಿದಿತ್ತು. ಶಿಫ್ಟ್-ಎಫ್1, ಕೀಬೋರ್ಡ್ ಲೇಔಟ್, ಜೋಡಣೆಯನ್ನು ಉಳಿಸಿಡಲು ಹೊಸದೊಂದು ಡಬ್ಲ್ಯುಪಿಕೆ ಕಡತ. ಅದರೊಳಗೆ ಇನ್ನೂ ಹಳೆಯ ಬರಹ ತಂತ್ರಾಂಶ ವರ್ಡ್‌ಸ್ಟಾರ್‌ನ ವಜ್ರ, ಅಂದರೆ ಕರ್ಸರ್ ಸರಿಸುವ ನಾಲ್ಕು ಕೀಲಿಗಳು: ಕಂಟ್ರೋಲ್ ಜೊತೆ ಇ, ಎಸ್, ಡಿ, ಎಕ್ಸ್. 1978ರ ಆ ಜೋಡಣೆಯಲ್ಲಿ ಕರ್ಸರ್ ಎತ್ತ ಹೋದರೂ ಕೈ ಅಕ್ಷರಗಳ ಮೇಲೆಯೇ ಇರುತ್ತದೆ. ಇದಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ. ನಡುವೆ ಒಂದೆರಡು ಕೀಲಿ ಅದಲುಬದಲಾದಾಗ ಕಂಟ್ರೋಲ್-6 ಒತ್ತಿ ಮೂಲ ಜೋಡಣೆಗೆ ಮರಳಿದೆ.

ತಲೆಕೆಡಿಸಿದ್ದು ಫಂಕ್ಷನ್ ಕೀಲಿಗಳು. ಮ್ಯಾಕ್ರೋ, ಅಂದರೆ ಒಟ್ಟಿಗೆ ಓಡುವ ಆಜ್ಞೆಗಳ ಸರಣಿ, ಬರೆಯಲು ಕಂಟ್ರೋಲ್-ಎಫ್10 ಬೇಕು. ಡಾಸ್‌ಬಾಕ್ಸ್ ಅದನ್ನು ಮೌಸ್ ಹಿಡಿಯುವುದಕ್ಕೆ ಇಟ್ಟುಕೊಂಡಿದೆ. ಟ್ಯಾಬ್ ಅಲೈನ್‌ಗೆಂದು ಕಂಟ್ರೋಲ್-ಎಫ್6 ಒತ್ತಿದರೆ ಧ್ವನಿಮುದ್ರಣ ಶುರುವಾಗುತ್ತದೆ. ಕ್ಯಾಪ್ಚರ್ ಫೋಲ್ಡರ್ ತೆರೆದು ನೋಡಿದಾಗ ಏನೂ ಕೇಳಿಸದ ಧ್ವನಿಕಡತಗಳ ಸಾಲೇ ಅಲ್ಲಿತ್ತು! ಇನ್ನು ಕಂಟ್ರೋಲ್-ಎಫ್9? ಅದು ಡಾಸ್‌ಬಾಕ್ಸನ್ನೇ ಮುಚ್ಚುತ್ತದೆ. ಕೇಳುವುದಿಲ್ಲ, ಎಚ್ಚರಿಸುವುದಿಲ್ಲ, ಕಿಟಕಿ ಮಾಯ. ಮತ್ತೆ ತೆರೆದಾಗ ವರ್ಡ್‌ಪರ್ಫೆಕ್ಟ್‌ನ ಬೇರೆ ಪ್ರತಿ ಓಡುತ್ತಿದೆಯೇ ಎಂಬ ಪ್ರಶ್ನೆ ಎದುರಾಯಿತು. ಬ್ಯಾಕಪ್ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿದ್ದರಿಂದ ಮುಕ್ಕಾಲು ಪಾಲು ಬರಹ ಉಳಿಯಿತು.

ಮುಚ್ಚುವ ಕೆಲಸವನ್ನು ಕಂಟ್ರೋಲ್-ಆಲ್ಟ್-ಎಫ್9ಕ್ಕೆ ಸರಿಸೋಣವೆಂದು ಕಂಟ್ರೋಲ್-ಎಫ್1 ಒತ್ತಿ, ಡಾಸ್‌ಬಾಕ್ಸ್‌ನ ಕೀಲಿಗಳನ್ನು ಬದಲಿಸುವ ಮ್ಯಾಪರ್ ತೆರೆದೆ. ಶಟ್‌ಡೌನ್ ಗುಂಡಿ ಆರಿಸಿ ಆ್ಯಡ್ ಒತ್ತಿ ಎಫ್9 ಕೊಟ್ಟು, ಕಂಟ್ರೋಲ್ ಆಲ್ಟ್ ಎರಡನ್ನೂ ಗುರುತು ಮಾಡಿ, ಸೇವ್ ಮಾಡಿದೆ. ಕಂಟ್ರೋಲ್-ಎಫ್9 ಒತ್ತಿದೆ. ಕಿಟಕಿ ಮತ್ತೆ ಮಾಯ. ಎರಡು ರಾತ್ರಿ ಹೋದದ್ದು ಇಲ್ಲಿಯೇ. ಕೊನೆಗೆ ಮ್ಯಾಪರ್ ಕಡತವನ್ನೇ ಬಿಚ್ಚಿ ನೋಡಿದೆ. ಶಟ್‌ಡೌನ್ ಸಾಲಿನಲ್ಲಿ ಎಫ್9ರ ಸಂಕೇತ 290 ಎರಡು ಸಲ ಇತ್ತು: ಒಮ್ಮೆ ಕಂಟ್ರೋಲ್ ಮಾತ್ರ, ಇನ್ನೊಮ್ಮೆ ಕಂಟ್ರೋಲ್ ಮತ್ತು ಆಲ್ಟ್. ಆ್ಯಡ್ ಹೊಸ ಬಂಧವನ್ನು ಸೇರಿಸುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಹಳೆಯ ತುಂಡನ್ನು ತೆಗೆದುಹಾಕಿದೆ. ಎಫ್10ರ 291ಕ್ಕೂ, ಎಫ್5, ಎಫ್6ರ ಸಾಲುಗಳಿಗೂ ಅದೇ ಚಿಕಿತ್ಸೆ. ಮರುಕ್ಷಣವೇ ಎಲ್ಲವೂ ವರ್ಡ್‌ಪರ್ಫೆಕ್ಟ್‌ಗೆ ತಲುಪತೊಡಗಿದವು.

ಈಗ ಉಳಿದಿರುವ ತಕರಾರು ಕೀಲಿಗಳ ಮೇಲಿಡುವ ಪಟ್ಟಿಯದು. ಕಂಟ್ರೋಲ್‌ಗೆ ಕೆಂಪು, ಶಿಫ್ಟ್‌ಗೆ ಹಸಿರು, ಆಲ್ಟ್‌ಗೆ ನೀಲಿ ಎಂದು ಬಣ್ಣ ಹಚ್ಚಿದ ಆ ಹಳೆಯ ಪಟ್ಟಿಯನ್ನು ತರಿಸಿಕೊಂಡಿದ್ದೆ. ಹನ್ನೆರಡು ಕೀಲಿಗಳು ಮೇಲ್ಸಾಲಿನಲ್ಲಿವೆ ಎಂದು ಎರಡೆರಡು ಸಲ ಬರೆದು ತಿಳಿಸಿದ್ದರೂ, ಮಾರಾಟಗಾರ ಕಳಿಸಿದ್ದು ಎಡಬದಿಯಲ್ಲಿ ಹತ್ತು ಕೀಲಿಗಳಿದ್ದ ಹಳೆಯ ಕೀಬೋರ್ಡಿನದು. ಗ್ರಾಹಕ ಬರೆದದ್ದನ್ನು ಓದುವ ಅಭ್ಯಾಸವೇ ಇಲ್ಲದ ಅಂಗಡಿ! ಹೇಗಿದ್ದರೂ ನನ್ನ ಲೇಔಟ್‌ಗೆ ಹೊಂದುವ ಪಟ್ಟಿ ಎಲ್ಲಿಯೂ ಸಿಗುವುದಿಲ್ಲ. ದಪ್ಪ ಕಾಗದದ ಮೇಲೆ ನಾನೇ ಮುದ್ರಿಸುತ್ತೇನೆ.

ಅದಕ್ಕೂ ಮೊದಲು ಕ್ಯಾಪ್ಸ್‌ಲಾಕ್ ಇರುವಲ್ಲಿಗೆ ಕಂಟ್ರೋಲ್ ಬರಬೇಕು. ಎ ಅಕ್ಷರದ ಎಡಕ್ಕೆ ಕಂಟ್ರೋಲ್ ಇದ್ದ ಕಾಲದಲ್ಲಿ ಹುಟ್ಟಿದ ವಜ್ರ ಅದು. ಕೆಳಮೂಲೆಯ ಕಂಟ್ರೋಲ್‌ಗೆ ಕಿರುಬೆರಳು ಚಾಚಿ ಚಾಚಿ ಈಗಲೇ ನೋಯುತ್ತಿದೆ. ನಾಳೆ ಸಂಜೆ ಅದಕ್ಕೇ ಕೈ ಹಾಕುತ್ತೇನೆ.